ಆಟೋ ಫ್ರೇಮಿನೊಳಗೆ ಬರಲಿ ಬಿಡಿ

2019ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಎಲ್ಲರ ಫೋನಿಗೂ ಒಂದು ವಿಡಿಯೋ ಬಂದಿತ್ತು, ನೆನಪಿದೆಯಾ? ಚಂದ್ರಯಾನ-2ರ ಲ್ಯಾಂಡರ್ ಇನ್ನೇನು ಇಳಿಯಬೇಕು, ಊರಲ್ಲೆಲ್ಲ ಅದೇ ಮಾತು. ಆ ಹೊತ್ತಿಗೆ ಬಂದ ವಿಡಿಯೋ ಅದು. ಬಿಳಿ ಸೂಟು, ದಪ್ಪ ಹೆಲ್ಮೆಟ್ಟು ಹಾಕಿಕೊಂಡ ಗಗನಯಾತ್ರಿಯೊಬ್ಬ ಕತ್ತಲಲ್ಲಿ ಮೆಲ್ಲಗೆ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತಿದ್ದಾನೆ. ಕಾಲ ಕೆಳಗೆ ಸಾಲು ಸಾಲು ಕುಳಿ. ಚಂದ್ರನ ಮೇಲೇ ಇದ್ದಾನೆ ಅಂತ ನಾವು ನಂಬುವಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋ ಹಾದುಹೋಗುತ್ತದೆ. ನಗು ಬರುವುದು ಆಗ. ಅದು ಬೆಂಗಳೂರಿನ ಹೇರೋಹಳ್ಳಿ ಕಡೆಯ ತುಂಗಾನಗರ ಮುಖ್ಯರಸ್ತೆ. ಮಾಡಿದವರು ಬಾದಲ್ ನಂಜುಂಡಸ್ವಾಮಿ. ಸೂಟಿನೊಳಗೆ ಇದ್ದವರು ನಟ ಪೂರ್ಣಚಂದ್ರ ಮೈಸೂರು.

ಈಗ ಆ ಆಟೋವನ್ನು ತೆಗೆದುಹಾಕಿ ನೋಡಿ. ಏನು ಉಳಿಯುತ್ತದೆ? ಸೂಟು ಹಾಕಿಕೊಂಡ ಒಬ್ಬ ಮನುಷ್ಯ, ಅಷ್ಟೇ. ಆಟೋ ಬಂದ ಮೇಲೆ ಅದು ನಮ್ಮ ರಸ್ತೆ, ನಮ್ಮ ಗುಂಡಿ, ನಮ್ಮ ಪಾಡು. ಆದರೆ ಕ್ಯಾಮೆರಾ ಹಿಡಿದವರ ಅಭ್ಯಾಸ ಹೇಗಿದೆ ನೋಡಿ. ಚಂದದ ಗೋಡೆಚಿತ್ರ ಕಂಡ ಕೂಡಲೇ ಆಟೋ ಹೋಗಲಿ ಅಂತ ಕಾಯುತ್ತೇವೆ. ಸ್ಕೂಟರ್ ಸ್ವಲ್ಪ ತೆಗೀತೀರಾ ಅಂತ ಕೇಳುತ್ತೇವೆ. ಕಸದ ಮೂಟೆ ಕಾಣದ ಹಾಗೆ ಪಕ್ಕಕ್ಕೆ ಸರಿಯುತ್ತೇವೆ. ಅಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಕ್ಯಾಲೆಂಡರಿನ ಹಾಳೆಯಂಥ ಒಂದು ಫೋಟೋ. ಆ ಚಿತ್ರ ಯಾವ ಊರಲ್ಲಿತ್ತು, ಎಷ್ಟು ಎತ್ತರ ಇತ್ತು, ಯಾರ ಕಣ್ಣಿಗೆ ಬೀಳುತ್ತಿತ್ತು, ಒಂದೂ ಅದರಲ್ಲಿ ಇರುವುದಿಲ್ಲ.

ಕ್ಯಾಮೆರಾ ಹಿಡಿದು ಇಲ್ಲಿ ಬಂದು ಕೂತಿರುವ ನಿಮಗೆ ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಬೀದಿಯನ್ನು ಬಿಟ್ಟು ಬೀದಿಕಲೆಯ ಫೋಟೋ ತೆಗೆಯಲು ಬರುವುದಿಲ್ಲ. ಉಳಿದ ಮಾತೆಲ್ಲ ಅದನ್ನು ಹೇಗೆ ಮಾಡುವುದು ಅನ್ನುವುದರ ಬಗ್ಗೆ.

ಬಾದಲ್ ಅವರ ಕೆಲಸದಿಂದಲೇ ಮುಂದುವರಿಸುತ್ತೇನೆ. ಅವರು ಮೈಸೂರಿನವರು, ಅಲ್ಲಿನ ಕಾವಾ ಅನ್ನುವ ಸರ್ಕಾರಿ ಕಲಾ ಕಾಲೇಜಿನಲ್ಲಿ ಕಲಿತವರು. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ತಂದಿಟ್ಟರಲ್ಲ, ಆಗ ದೇಶಕ್ಕೆಲ್ಲ ಹೆಸರು ಗೊತ್ತಾಯಿತು. ನಿಜವಾದ ಮೊಸಳೆಯಷ್ಟೇ ದೊಡ್ಡದು. ತೂಕ ಸುಮಾರು 20 ಕಿಲೋ, ಖರ್ಚು ಸುಮಾರು 6,000 ರೂಪಾಯಿ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಗುಂಡಿಗೆ ಹಸಿರು ಬಣ್ಣ ಬಳಿದು ಕೊಳದ ಹಾಗೆ ಮಾಡಿದ್ದರು. 2017ರ ಅಕ್ಟೋಬರ್‌ನಲ್ಲಿ ಕಬ್ಬನ್ ರಸ್ತೆ, ಕಾಮರಾಜ ರಸ್ತೆ ಸೇರುವಲ್ಲಿ ಇನ್ನೊಂದು ಗುಂಡಿಗೆ ನೀಲಿ ಬಳಿದು, ನಟಿ ಸೋನು ಗೌಡ ಅವರನ್ನು ಮತ್ಸ್ಯಕನ್ಯೆಯಾಗಿ ಕೂರಿಸಿದರು.

ಇಂಥ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಪಾಲಿಕೆಯವರು ಬಂದು ಗುಂಡಿ ಮುಚ್ಚಿದರೆ ಕಲಾವಿದ ಗೆದ್ದ ಹಾಗೆ. ಆದರೆ ಆ ಗಳಿಗೆಗೆ ಕೃತಿಯೂ ಮುಗಿಯಿತು. ಮೊಸಳೆಯನ್ನು ಕಣ್ಣಾರೆ ನೋಡಿದವರು ಆ ರಸ್ತೆಯಲ್ಲಿ ಓಡಾಡಿದವರು ಮಾತ್ರ. ಉಳಿದವರೆಲ್ಲ ನೋಡಿದ್ದು ಫೋಟೋ. ಹಾಗಾಗಿ ಅಲ್ಲಿ ಕ್ಯಾಮೆರಾ ಹಿಡಿದವನು ಹೊರಗಿನವನಲ್ಲ, ಅವನೂ ಆ ಕೆಲಸದ ಒಂದು ಭಾಗ. ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಮೊಸಳೆಯ ಮುಖಕ್ಕೆ ಹತ್ತಿರ ಹೋಗಿ ತೆಗೆದ ಫೋಟೋ, ಮತ್ತೆ ಮೊಸಳೆಯ ಹಿಂದೆ ಸ್ಕೂಟರಿನವನು ಕಾಲು ಊರಿಕೊಂಡು ಜಾಗ ಹುಡುಕುತ್ತಾ ಹೋಗುವ ಫೋಟೋ, ಎರಡರಲ್ಲಿ ಯಾವುದು ಪಾಲಿಕೆಯವರಿಗೆ ಚುಚ್ಚುತ್ತದೆ? ಮೊದಲನೆಯದನ್ನು ಮೃಗಾಲಯದಲ್ಲೂ ತೆಗೆಯಬಹುದು, ಅಲ್ವಾ?

ಆ ಚಂದ್ರನ ವಿಡಿಯೋದಲ್ಲಿ ಬೆಳಕನ್ನೂ ಗಮನಿಸಿ. ಹಗಲು ಹನ್ನೆರಡು ಗಂಟೆಗೆ ಅದೇ ರಸ್ತೆಗೆ ಹೋದರೆ ನಿಮಗೆ ಕಾಣುವುದು ಬರೀ ಕಿತ್ತುಹೋದ ಡಾಂಬರು. ರಾತ್ರಿ ಬೆಳಕು ಓರೆಯಾಗಿ ಬಿದ್ದಾಗ ಗುಂಡಿಯ ಒಂದು ಅಂಚು ಹೊಳೆಯುತ್ತದೆ, ಒಳಗೆ ನೆರಳು ತುಂಬಿಕೊಳ್ಳುತ್ತದೆ. ದುರ್ಬೀನಿನಲ್ಲಿ ಚಂದ್ರನನ್ನು ನೋಡಿದವರಿಗೆ ಇದು ಗೊತ್ತು. ಹುಣ್ಣಿಮೆಯಲ್ಲಿ ಕುಳಿಗಳು ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಅರ್ಧ ಚಂದ್ರನಲ್ಲಿ ಕಾಣುತ್ತವೆ. ಕಾರಣ ಎರಡೂ ಕಡೆ ಒಂದೇ.

ಗೋಡೆಗೂ ಇದೇ ಲೆಕ್ಕ. ಬಣ್ಣ ಬಣ್ಣದ ಹಾಗೆಯೇ ಬರಬೇಕು ಅಂದರೆ ಮೋಡ ಕವಿದ ದಿನ ಹೋಗಿ. ಗೋಡೆಯ ಸಿಪ್ಪೆ, ಗಾರೆಯ ಒರಟು, ಬ್ರಷ್ಷಿನ ಎಳೆ ಕಾಣಬೇಕು ಅಂದರೆ ಓರೆ ಬೆಳಕು ಬೇಕು. ಹಾಗಾದರೆ ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದು ಮೊದಲು ಗೊತ್ತಿರಬೇಕು. ಪೂರ್ವದ ಗೋಡೆಗೆ ಬೆಳಿಗ್ಗೆ, ಪಶ್ಚಿಮದ ಗೋಡೆಗೆ ಸಂಜೆ. ಅದು ಎಲ್ಲರಿಗೂ ಗೊತ್ತು. ಉತ್ತರ, ದಕ್ಷಿಣದ ಗೋಡೆಯಲ್ಲಿ ಮಜಾ ಇದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ, ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಮಕ್ಕಳಿಗೆ ಕೋಲು ನೆಟ್ಟು ತೋರಿಸುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಆಗ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಮೇಲಿನಿಂದ ಸವರಿದ ಹಾಗೆ ಬಿಸಿಲು ಬೀಳುತ್ತದೆ. ಅದೇ ಗೋಡೆ ಡಿಸೆಂಬರ್‌ನಲ್ಲಿ ಇಡೀ ದಿನ ನೆರಳಲ್ಲಿ. ದಕ್ಷಿಣದ ಗೋಡೆಗೆ ಡಿಸೆಂಬರ್, ಜನವರಿಯಲ್ಲಿ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೂ ಬಿಸಿಲು. ಒಂದೇ ಚಿತ್ರ ಆರು ತಿಂಗಳಲ್ಲಿ ಬೇರೆ ಬೇರೆ ಕಾಣುವುದು ಇದಕ್ಕೇ. ಮೊಬೈಲಿನಲ್ಲಿ ದಿಕ್ಸೂಚಿ ಇದೆ, ನೋಡಿಕೊಂಡು ಬರೆದಿಟ್ಟುಕೊಳ್ಳಿ.

ಮಳೆಗಾಲದ ಮೋಡ ನಮಗೆ ಒಳ್ಳೆಯದು, ಕಲಾವಿದರಿಗೆ ಕೆಟ್ಟದ್ದು. ಒದ್ದೆ ಗೋಡೆಗೆ ಪ್ರೈಮರ್ ಹಿಡಿಯುವುದಿಲ್ಲ. ಹಾಗಾಗಿ ಬಣ್ಣಕ್ಕೆ ಒಳ್ಳೆಯ ಬೆಳಕಿರುವ ದಿನ ಗೋಡೆಯ ಹತ್ತಿರ ಕಲಾವಿದ ಇರುವುದಿಲ್ಲ, ಕಲಾವಿದ ಇರುವ ದಿನ ಬಿಸಿಲು ಚುರುಕು. ಕಲಾವಿದನ ಫೋಟೋ ಬೇರೆ ದಿನ, ಮುಗಿದ ಚಿತ್ರದ ಫೋಟೋ ಬೇರೆ ದಿನ ಅಂತ ಮೊದಲೇ ಒಪ್ಪಿಕೊಂಡುಬಿಡಿ.

ಫ್ಲೈಓವರ್, ಮೆಟ್ರೋ ಕೆಳಗಿನ ಕಂಬಗಳು ಇನ್ನೊಂದು ತಲೆನೋವು. ಒಂದು ಕಡೆಯಿಂದ ಆಕಾಶದ ನೀಲಿ ಬೆಳಕು, ಇನ್ನೊಂದು ಕಡೆಯಿಂದ ದೀಪದ ಹಳದಿ. ಬೆಳಕಿನ ಬಣ್ಣವನ್ನು ತಾನೇ ಸರಿಮಾಡಿಕೊಳ್ಳುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಎರಡರ ನಡುವೆ ಒದ್ದಾಡುತ್ತದೆ. ಬೂದು ಕಾರ್ಡನ್ನು ಗೋಡೆಗೆ ಹಿಡಿದು ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಬಣ್ಣ ಸರಿಮಾಡಬಹುದು. ಇನ್ನೊಂದು ವಿಷಯ, ನಮ್ಮ ಕರೆಂಟು 50 ಹರ್ಟ್ಸ್. ಎಷ್ಟೋ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರ್ ಸ್ಪೀಡ್ ಜಾಸ್ತಿ ಇಟ್ಟರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬರುತ್ತದೆ. 1/50 ಅಥವಾ 1/100 ಸೆಕೆಂಡು ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಎನಾಮಲ್ ಪೇಂಟಿನ ಮೇಲೆ ಬಿದ್ದರೆ ಚಿತ್ರದ ನಡುವೆ ಒಂದು ಬಿಳಿ ಗುಳ್ಳೆ ಎದ್ದಂತೆ ಕಾಣುತ್ತದೆ.

ಈಗ ಕಲಾವಿದರ ವಿಷಯಕ್ಕೆ ಬರೋಣ. ಕೆಲಸ ಮಾಡುತ್ತಿರುವ ಗೋಡೆ ಕಲಾವಿದರ ಫೋಟೋ ತೆಗೆಯುವುದರಲ್ಲಿ ಇರುವ ದೊಡ್ಡ ಕಷ್ಟ ಯಾವುದು ಹೇಳಿ? ಅವರ ಬೆನ್ನು. ದಿನವಿಡೀ ಅವರು ಗೋಡೆಗೆ ಮುಖ, ನಮಗೆ ಬೆನ್ನು. ಅದಕ್ಕೇ ನಾವು "ಸಾರ್, ಒಂದ್ಸಲ ಈ ಕಡೆ ನೋಡಿ, ಬ್ರಷ್ ಹಿಡ್ಕೊಳ್ಳಿ, ನಗಿ" ಅನ್ನುತ್ತೇವೆ. ಪಾಪ, ಅವರೂ ನಗುತ್ತಾರೆ. ಅಂಥ ಫೋಟೋ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಒಂದರಲ್ಲೂ ಕೆಲಸ ಕಾಣುವುದಿಲ್ಲ.

ಹಾಗೆ ಕರೆಯದೆ ಸುಮ್ನೆ ನಿಂತು ನೋಡಿ. ಕಲಾವಿದರು ಗೋಡೆಯ ಹತ್ತಿರವೇ ಇರುವುದಿಲ್ಲ. ಹತ್ತಿರದಲ್ಲಿ ಅವರಿಗೇ ಚಿತ್ರ ಕಾಣುವುದಿಲ್ಲ. ಮೂವತ್ತು ಅಡಿ ಎತ್ತರದ ಮುಖ ಬರೆಯುವಾಗ ಮೂಗಿನ ಹತ್ತಿರ ನಿಂತರೆ ಮೂಗು ಎಲ್ಲಿ ಮುಗಿಯುತ್ತದೆ ಅಂತ ತಿಳಿಯುವುದಿಲ್ಲ. ಹಾಗಾಗಿ ಆಗಾಗ ಸಾರುವೆಯಿಂದ ಇಳಿದು, ರಸ್ತೆ ದಾಟಿ, ಎದುರಿನ ಅಂಗಡಿಯ ಮುಂದೆ ನಿಂತು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಕೈಯಲ್ಲಿ ಚೌಕ ಹಾಕಿದ ಸಣ್ಣ ಹಾಳೆ. ಒಮ್ಮೆ ಹಾಳೆ, ಒಮ್ಮೆ ಗೋಡೆ. ಬಸ್ಸು ಅಡ್ಡ ಬಂತು ಅಂತ ಒಂದು ಬೈಗುಳ. ಮುಖ ಕಾಣುವುದು ಅಲ್ಲಿ. ಯೋಚನೆ ಕಾಣುವುದೂ ಅಲ್ಲೇ. ನೀವು ಎದುರಿನ ಫುಟ್‌ಪಾತಿನಲ್ಲಿ ಮೊದಲೇ ನಿಂತಿದ್ದರೆ ಅವರಾಗಿಯೇ ನಿಮ್ಮ ಹತ್ತಿರ ಬರುತ್ತಾರೆ. ಅವರ ಮುಖ, ನಡುವೆ ಓಡುವ ರಸ್ತೆ, ಆಚೆ ಅರ್ಧ ಮುಗಿದ ಚಿತ್ರ, ಮೂರನ್ನೂ ಒಂದೇ ಫ್ರೇಮಿನಲ್ಲಿ ತರಬಹುದು. ಇದಕ್ಕೆ 35 ಎಂಎಂ ಲೆನ್ಸು ನನಗೆ ಇಷ್ಟ. ಅದಕ್ಕಿಂತ ವೈಡ್ ಹೋದರೆ ಗೋಡೆ ಪುಟ್ಟದಾಗಿ ದೂರ ಓಡುತ್ತದೆ.

ಗೋಡೆಯ ಮೇಲಿನ ಚೌಕಗಳನ್ನೂ ಬಿಡಬೇಡಿ. ಸೀಮೆಸುಣ್ಣದ ಗೆರೆ, ಸುಣ್ಣದ ದಾರ ಹಿಡಿದು ಎಳೆದ ನೇರ ಗೆರೆ, ಬಣ್ಣ ಬಿದ್ದ ಮೇಲೆ ಇವೆಲ್ಲ ಮುಚ್ಚಿಹೋಗುತ್ತವೆ. ಕೆಲವರು ರಾತ್ರಿ ಪ್ರೊಜೆಕ್ಟರ್ ಹಾಕಿ ಹೊರಗೆರೆ ತೆಗೆಯುತ್ತಾರೆ. ಇನ್ನು ಕೆಲವರು ಗೋಡೆಯ ತುಂಬ ಸುಮ್ಮನೆ ಗೀಚಿ, ಆ ಗೀಚಿನ ಫೋಟೋ ತೆಗೆದು, ಫೋನಿನಲ್ಲಿ ಅದರ ಮೇಲೆ ತಮ್ಮ ಚಿತ್ರವನ್ನು ಕೂರಿಸಿ, ಯಾವ ಗೀಚಿನ ಹತ್ತಿರ ಕಿವಿ ಬರುತ್ತದೆ, ಯಾವುದರ ಹತ್ತಿರ ತುಟಿ ಬರುತ್ತದೆ ಅಂತ ನೋಡಿಕೊಂಡು ಬರೆಯುತ್ತಾರೆ. ದಾರಿಹೋಕರಿಗೆ ಅದು ಹುಚ್ಚರ ಗೀಚಾಟದ ಹಾಗೆ ಕಾಣುತ್ತದೆ. ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಮುಖ ಮೂಡಿರುತ್ತದೆ. ಈ ಎರಡು ಫೋಟೋಗಳನ್ನು ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ನಿಂತ ಜಾಗದ ಗುರುತಿಗೆ ಫುಟ್‌ಪಾತಿನ ಕಲ್ಲನ್ನೋ ಕಂಬವನ್ನೋ ನೆನಪಿಟ್ಟುಕೊಂಡರೆ ಸಾಕು.

ಹಿಂದೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಹಿರಿಯರೊಬ್ಬರು ಗೋಡೆ ಬರೆಯುವಾಗ ಪಕ್ಕದಲ್ಲಿ ನಿಂತಿದ್ದೆ. ನಾನು ಕ್ಯಾಮೆರಾ ಎತ್ತಿದ ಕೂಡಲೇ, "ಸಾರ್, ಈಗ ಬೇಡ. ಇನ್ನೂ ಕಣ್ಣು ಬರೆದಿಲ್ಲ. ಕಣ್ಣಿಲ್ಲದ ಮುಖ ಯಾಕೆ ಊರಿಗೆ ತೋರಿಸ್ತೀರಿ" ಅಂದರು. ಹೌದಲ್ಲ! ಅರ್ಧ ಮುಗಿದ ಕೆಲಸವನ್ನು ತೋರಿಸಬೇಕೋ ಬೇಡವೋ ಅನ್ನುವುದು ಅವರ ಹಕ್ಕು. ಕೆಲವರಿಗೆ ಖುಷಿ, ಕೆಲವರಿಗೆ ಇಷ್ಟ ಇಲ್ಲ. ಕೇಳಿಬಿಡಿ. ತೆಗೆಯುವುದಕ್ಕೆ ಒಪ್ಪಿಗೆ ಬೇರೆ, ಇವತ್ತೇ ಹಾಕುವುದಕ್ಕೆ ಒಪ್ಪಿಗೆ ಬೇರೆ. ಚಿತ್ರ ಮುಗಿಯುವ ಮೊದಲೇ ನೀವು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರೆ ಅವರ ಕುತೂಹಲದ ಗಂಟನ್ನು ನೀವೇ ಬಿಚ್ಚಿದ ಹಾಗೆ.

ಈ ಹಿರಿಯರ ನೆಪದಲ್ಲಿ ಇನ್ನೊಂದು ಮಾತು. 2009ರ ಹೊತ್ತಿಗೆ ಬೆಂಗಳೂರಿನ ಪಾಲಿಕೆ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಿತು. ಪೋಸ್ಟರ್ ಅಂಟಿಸುವುದು, ಗೋಡೆಗೆ ಉಚ್ಚೆ ಹೊಯ್ಯುವುದು ನಿಲ್ಲಲಿ ಅಂತ. ಬರೆದವರಲ್ಲಿ ಬಹಳ ಜನ ಸಿನಿಮಾ ಬ್ಯಾನರ್, ಅಂಗಡಿ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದವರು. ಜೋಗದ ಜಲಪಾತ, ಮೈಸೂರು ಅರಮನೆ, ಹಂಪಿಯ ರಥ, ಹುಲಿ, ಆನೆ. ಆಗ ಕಲಾ ವಲಯದ ಕೆಲವರು ಇದೇನು ಕ್ಯಾಲೆಂಡರ್ ಕಲೆ ಅಂತ ಮೂಗು ಮುರಿದರು. ಇರಬಹುದು. ಆದರೆ ಆ ಜಲಪಾತದ ನೊರೆಗೆ ಬಿಳಿ ಎಳೆದ ಕೈಗೆ ಅರವತ್ತು ಅಡಿ ಕಟೌಟಿನ ಅನುಭವ ಇತ್ತು. ದೂರದಿಂದ ನೋಡುವವನಿಗೆ ಬರೆಯುವುದು ಹೇಗೆ ಅಂತ ಅವರಷ್ಟು ತಿಳಿದವರು ಕಡಿಮೆ. ನನಗೆ ಬೇಸರ ಬೇರೆಯದಕ್ಕೆ. ಆ ಗೋಡೆಗಳ ಫೋಟೋ ತೆಗೆದವರಲ್ಲಿ ಹೆಚ್ಚಿನವರು ಬರೆದವರ ಹೆಸರು ಕೇಳಲಿಲ್ಲ. ಬ್ಯಾನರ್ ಕಲಾವಿದರು ಚಿತ್ರದ ಮೂಲೆಯಲ್ಲಿ ಸಣ್ಣದಾಗಿ ಇಂಥ ಆರ್ಟ್ಸ್ ಅಂತ ಹೆಸರು, ಕೆಲವು ಸಲ ಫೋನ್ ನಂಬರು ಬರೆಯುತ್ತಾರೆ. ಸಾಮಾನ್ಯವಾಗಿ ಕೆಳಗಡೆ ಮೂಲೆ. ನಾವು ಫ್ರೇಮು ಚೆಂದ ಮಾಡುವಾಗ ಮೊದಲು ಕತ್ತರಿಸುವುದು ಅದನ್ನೇ! ಆ ಮೂಲೆಯದೇ ಒಂದು ಪ್ರತ್ಯೇಕ ಫೋಟೋ ತೆಗೆದಿಟ್ಟುಕೊಳ್ಳಿ.

ನೆಲದ ಮೇಲೆ ಬರೆಯುವವರು ಇನ್ನೊಂದು ಬಗೆ. ಫುಟ್‌ಪಾತಿನಲ್ಲಿ ಸೀಮೆಸುಣ್ಣ, ಇದ್ದಿಲು, ಇಟ್ಟಿಗೆ ಪುಡಿಯಲ್ಲಿ ಆಂಜನೇಯನನ್ನು ಬರೆಯುವವರನ್ನು ನೀವು ಮಾರ್ಕೆಟ್ಟಿನ ಕಡೆ ನೋಡಿರುತ್ತೀರಿ. ಚಿತ್ರದ ಮೇಲೆ ಚಿಲ್ಲರೆ ಬಿದ್ದಿರುತ್ತದೆ. ಹೆಚ್ಚಿನವರು ನಿಂತಲ್ಲಿಂದಲೇ ಕೆಳಗೆ ನೋಡಿ ಒಂದು ಕ್ಲಿಕ್ ಮಾಡಿ ಹೋಗುತ್ತಾರೆ. ಆ ಫೋಟೋದಲ್ಲಿ ಆಂಜನೇಯ ಇರುತ್ತಾನೆ, ಊರು ಇರುವುದಿಲ್ಲ. ಮಂಡಿಯೂರಿ ಕೂತು ನೋಡಿ. ಬರೆಯುವವರ ಕೈ, ಚಿತ್ರದ ಅಂಚು, ಅದನ್ನು ತುಳಿಯದ ಹಾಗೆ ಕಾಲು ಎತ್ತಿ ದಾಟುವ ಚಪ್ಪಲಿಗಳು. ನಮ್ಮ ಜನ ದೇವರ ಚಿತ್ರವನ್ನು ದಾಟುವ ರೀತಿ ಇದೆಯಲ್ಲ, ಅದನ್ನು ಬೇರೆ ಎಲ್ಲೂ ತೆಗೆಯಲು ಆಗುವುದಿಲ್ಲ. ದುಡ್ಡಿನ ವಿಷಯ: ಚಿತ್ರ ನೋಡಿದ್ದಕ್ಕೆ ಕೊಡಿ, ಫೋಟೋಗೆ ಬೆಲೆ ಕಟ್ಟಿದ ಹಾಗೆ ಕೊಡಬೇಡಿ. ಕೊಟ್ಟು, ಕೇಳಿ, ಒಪ್ಪಿದರೆ ತೆಗೆಯಿರಿ. ಬೇಡ ಅಂದರೆ ಕೊಟ್ಟಿದ್ದು ವ್ಯರ್ಥ ಆಗಲಿಲ್ಲ, ಚಿತ್ರ ನೋಡಿದಿರಲ್ಲ.

ನೆಲದ ಮೇಲಿನ ತ್ರೀಡಿ ಚಿತ್ರಗಳಿಗೆ ಒಂದು ಕಿವಿಮಾತು. ಅವು ಒಂದೇ ಜಾಗದಿಂದ ನೋಡಿದರೆ ಮಾತ್ರ ಹಳ್ಳವೋ ಮೆಟ್ಟಿಲೋ ಆಗಿ ಕಾಣುತ್ತವೆ. ಕಲಾವಿದರು ಲೆಕ್ಕ ಹಾಕಿರುವುದೇ ಒಂಟಿ ಕಣ್ಣಿಗೆ, ಅಂದರೆ ಕ್ಯಾಮೆರಾಗೆ. ಆ ಜಾಗ ಎಲ್ಲಿ ಅಂತ ಅವರನ್ನೇ ಕೇಳಿ, ಅಲ್ಲಿಂದ ತೆಗೆಯಿರಿ. ಆಮೇಲೆ ಪಕ್ಕಕ್ಕೆ ಹೋಗಿ ಇನ್ನೊಂದು ತೆಗೆಯಿರಿ. ಪಕ್ಕದಿಂದ ಅದು ಉದ್ದಕ್ಕೆ ಎಳೆದ ವಿಚಿತ್ರ ಆಕಾರ. ಅದನ್ನು ನೋಡಿದಾಗಲೇ ಎಷ್ಟು ಲೆಕ್ಕದ ಕೆಲಸ ಅನ್ನುವುದು ತಿಳಿಯುತ್ತದೆ.

ಇಲ್ಲಿ ಸ್ವಲ್ಪ ನ್ಯೂಯಾರ್ಕಿಗೆ ಹೋಗಿ ಬರೋಣ. 1970ರ ದಶಕದ ಕೊನೆ, 80ರ ಆರಂಭ. ಅಲ್ಲಿನ ಹುಡುಗರು ರಾತ್ರಿ ರೈಲು ನಿಲ್ಲಿಸುವ ಯಾರ್ಡಿಗೆ ನುಗ್ಗಿ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೋ ರೈಲುಗಳ ಮೇಲೆ ಸ್ಪ್ರೇ ಪೇಂಟಿನಲ್ಲಿ ಬರೆಯುತ್ತಿದ್ದರು. ಇಬ್ಬರು ಅದರ ಬೆನ್ನು ಹತ್ತಿದರು. ಒಬ್ಬರು ಹೆನ್ರಿ ಚಾಲ್ಫಂಟ್, ಮೂಲತಃ ಶಿಲ್ಪಿ. ಅವರು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಿದ್ದರು. ರೈಲು ನಿಂತ ಸ್ವಲ್ಪ ಹೊತ್ತಿನಲ್ಲೇ ಪಕ್ಕಕ್ಕೆ ಸರಿಯುತ್ತಾ ಸರಿಯುತ್ತಾ ಒಂದಕ್ಕೊಂದು ತಾಗುವ ಹಾಗೆ ಹಲವು ಫೋಟೋ ತೆಗೆದು, ಆಮೇಲೆ ಪ್ರಿಂಟುಗಳನ್ನು ಜೋಡಿಸಿ ಇಡೀ ಬೋಗಿಯನ್ನು ನೇರವಾಗಿ ಕಾಣಿಸುತ್ತಿದ್ದರು. ಇನ್ನೊಬ್ಬರು ಮಾರ್ಥಾ ಕೂಪರ್, ಪತ್ರಿಕೆಯ ಛಾಯಾಗ್ರಾಹಕಿ. ಅವರು ನ್ಯೂಯಾರ್ಕಿನದೇ ಒಂದು ಭಾಗವಾದ ಬ್ರಾಂಕ್ಸಿನ ಖಾಲಿ ಜಾಗಗಳಲ್ಲಿ ಗಂಟೆಗಟ್ಟಲೆ ನಿಂತು, ಬಿಸಿಲು ಸರಿಯಾಗಿ ಬಿದ್ದಿರುವಾಗ ಬಣ್ಣದ ರೈಲು ಎತ್ತರದ ಹಳಿಯ ಮೇಲೆ ಹಾದುಹೋಗುವುದನ್ನು ಊರಿನ ಸಮೇತ ಹಿಡಿಯುತ್ತಿದ್ದರು. ಕೆಳಗೆ ಹಾಳುಬಿದ್ದ ಕಟ್ಟಡ, ಮೇಲೆ ಹೊಳೆಯುವ ಅಕ್ಷರ. ರೈಲುಗಳನ್ನು ತೊಳೆದುಬಿಟ್ಟರು, ಒಂದೂ ಉಳಿಯಲಿಲ್ಲ. ಇವತ್ತು ಅದನ್ನು ನೋಡುವ ಮುಖ್ಯ ದಾರಿ ಈ ಇಬ್ಬರದಂಥ ಫೋಟೋಗಳೇ.

ನನಗೆ ಕೂಪರ್ ದಾರಿ ಹತ್ತಿರ ಅಂತ ನೀವು ಊಹಿಸಿರುತ್ತೀರಿ. ಆದರೆ ಚಾಲ್ಫಂಟ್ ದಾರಿಯನ್ನು ಬಿಡಿ ಅಂತ ಹೇಳಲಾರೆ. ಕಲಾವಿದರಿಗೆ ತಮ್ಮ ಕೆಲಸದ ನೇರವಾದ, ಸೊಟ್ಟಗಾಗದ, ಅಡ್ಡ ಏನೂ ಇಲ್ಲದ ಒಂದು ಫೋಟೋ ಬೇಕೇ ಬೇಕು. ಮುಂದಿನ ಕೆಲಸ ಸಿಗುವುದು ಅದರಿಂದ. ಅದಕ್ಕೆ ಚಾಲ್ಫಂಟ್ ಅವರ ಉಪಾಯವೇ ಇವತ್ತಿಗೂ ಸರಿ. ಗೋಡೆಗೆ ಸಮಾನಾಂತರವಾಗಿ ನಡೆಯುತ್ತಾ, ಒಂದೇ ದೂರದಲ್ಲಿ, ಮೂರರಲ್ಲಿ ಒಂದು ಭಾಗ ಒಂದರ ಮೇಲೊಂದು ಬರುವ ಹಾಗೆ ತೆಗೆಯಿರಿ. ಜೋಡಿಸುವ ಕೆಲಸ ಸಾಫ್ಟ್‌ವೇರ್ ಮಾಡುತ್ತದೆ. ವಾಹನ ಅಡ್ಡ ಇದ್ದರೆ ಒಂದೇ ಜಾಗದಿಂದ ಹತ್ತಾರು ಫೋಟೋ ತೆಗೆದು, ಒಂದರಲ್ಲಿ ಖಾಲಿ ಇದ್ದ ಭಾಗವನ್ನು ಇನ್ನೊಂದಕ್ಕೆ ಸೇರಿಸಬಹುದು. ಸಿಗ್ನಲ್ ಇರುವ ರಸ್ತೆಯಾದರೆ ಕೆಂಪು ಬಿದ್ದಾಗ ಯಾವ ಕಡೆ ಖಾಲಿಯಾಗುತ್ತದೆ ಅಂತ ಎರಡು ಸಲ ನೋಡಿಕೊಂಡರೆ ಸಾಕು. ಆದರೆ ಆ ಫೋಟೋವನ್ನು ಕಲಾವಿದರಿಗೆ ಕೊಡಿ, ಪ್ರದರ್ಶನಕ್ಕೆ ಆಟೋ ಇರುವುದನ್ನು ಇಡಿ.

ಆಟೋ, ಬಸ್ಸು ಫ್ರೇಮಿನಲ್ಲಿ ಇರಲಿ ಅಂದೆ. ಹೇಗಿರಬೇಕು? ಸಾರುವೆಯ ಮೇಲೆ ನಿಂತ ಕಲಾವಿದ ಹೆಚ್ಚು ಅಲುಗಾಡುವುದಿಲ್ಲ, ಕೈ ಮಾತ್ರ ಆಡುತ್ತದೆ. ಶಟರ್ 1/8ರಿಂದ 1/15ರ ನಡುವೆ ಇಟ್ಟರೆ ಬಸ್ಸು ಬಣ್ಣದ ಹೊಳೆಯಾಗಿ ಹರಿಯುತ್ತದೆ, ಕಲಾವಿದ ಗಟ್ಟಿಯಾಗಿ ನಿಂತಿರುತ್ತಾನೆ. ಹಗಲಲ್ಲಿ ಇದಕ್ಕೆ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕಿ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು, ಬೇಕಾಗಬಹುದು. ಟ್ರೈಪಾಡ್ ಮಾತ್ರ ಬೇಡ ಅನ್ನುತ್ತೇನೆ. ನಮ್ಮ ಫುಟ್‌ಪಾತ್ ನಡೆಯುವವರಿಗೇ ಸಾಲದು, ಅದರ ಮೇಲೆ ಮೂರು ಕಾಲು ಊರುವುದು ಅನ್ಯಾಯ. ಜೊತೆಗೆ ಟ್ರೈಪಾಡ್ ಕಂಡರೆ ಜನ ಸೇರುತ್ತಾರೆ, ಶೂಟಿಂಗಾ, ಯಾರು ಹೀರೋ ಅಂತ ಕೇಳುತ್ತಾರೆ. ಜನ ಸೇರಿದರೆ ಪೊಲೀಸರು ಬರುತ್ತಾರೆ. ಪೊಲೀಸರು ಬಂದರೆ ನೀವು ಕ್ಯಾಮೆರಾ ಚೀಲಕ್ಕೆ ಹಾಕಿ ಹೊರಟುಬಿಡುತ್ತೀರಿ, ಅರ್ಧ ಬಣ್ಣದ ಡಬ್ಬದ ಜೊತೆ ಸಿಕ್ಕಿಹಾಕಿಕೊಳ್ಳುವವರು ಕಲಾವಿದರು. ಕಂಬಕ್ಕೋ ರೇಲಿಂಗಿಗೋ ಒತ್ತಿ ಹಿಡಿದರೆ ಆ ಸ್ಪೀಡಿನಲ್ಲೂ ಫೋಟೋ ಬರುತ್ತದೆ. ಮೆಟ್ರೋ ನಿಲ್ದಾಣದ ಒಳಗಾದರೆ ಮೊದಲೇ ಅನುಮತಿ ಕೇಳಿ.

ಮುಖ ತೋರಿಸುವ ವಿಷಯ ಸೂಕ್ಷ್ಮ. ಅನುಮತಿ ಇಲ್ಲದ ಗೋಡೆಯ ಮೇಲೆ ಬರೆಯುವವರಿದ್ದಾರೆ, ಅವರ ಫೋಟೋ ಸಾಕ್ಷಿಯಾಗಬಹುದು. ಕರ್ನಾಟಕದಲ್ಲಿ ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದರ ವಿರುದ್ಧ 1981ರದ್ದೇ ಒಂದು ಕಾಯ್ದೆ ಇದೆ. ಹೆಣ್ಣುಮಕ್ಕಳು ರಾತ್ರಿ ಕೆಲಸ ಮಾಡುವಾಗ ಜಾಗದ ಹೆಸರು ಸಮೇತ ಆಗಿಂದಾಗಲೇ ಹಾಕುವುದು ತಪ್ಪು, ಅವರು ಅಲ್ಲಿಂದ ಹೊರಟ ಮೇಲೆ ಹಾಕಿ. ಟ್ರಾನ್ಸ್ ಮಹಿಳೆಯರೂ ಸೇರಿ ಬರೆಯುವ ಅರವಾಣಿ ಆರ್ಟ್ ಪ್ರಾಜೆಕ್ಟ್ ಬೆಂಗಳೂರಿನಲ್ಲೇ ಶುರುವಾದದ್ದು. ಅಂಥ ಗುಂಪಿನಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಗುಂಪಿನ ಮುಖ್ಯಸ್ಥರು ಹೂಂ ಅಂದರೆ ಎಲ್ಲರೂ ಅಂದ ಹಾಗಲ್ಲ. ಮನೆಯವರಿಗೆ ಇನ್ನೂ ಹೇಳಿರದವರು ಇರಬಹುದು. ಹಾಗೆಯೇ ಗೋಡೆಯ ಮುಂದೆ ಎಳನೀರು ಮಾರುವವರು. ಅವರು ಚಿತ್ರಕ್ಕಿಂತ ಮೊದಲಿನಿಂದ ಅಲ್ಲಿದ್ದಾರೆ. ಏಳಿ ಅನ್ನಬೇಡಿ. ಒಂದು ಎಳನೀರು ಕುಡಿಯಿರಿ, ಚಿತ್ರ ಬಂದ ಮೇಲೆ ವ್ಯಾಪಾರ ಹೇಗಿದೆ ಕೇಳಿ. ಆ ಗೋಡೆಯ ಬಗ್ಗೆ ಅವರಷ್ಟು ವಿವರ ಯಾರೂ ಕೊಡುವುದಿಲ್ಲ.

ಕಾನೂನನ್ನು ಬೇಗ ಮುಗಿಸುತ್ತೇನೆ, ಆದರೆ ಇದನ್ನು ಬರೆದುಕೊಳ್ಳಿ. ರಸ್ತೆಯಲ್ಲಿರುವುದೆಲ್ಲ ಎಲ್ಲರದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಕೆಲವು ವಿನಾಯಿತಿ ಕೊಡುತ್ತದೆ. ಕಟ್ಟಡದ ಫೋಟೋ ತೆಗೆದು ಪ್ರಕಟಿಸಬಹುದು. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಶಿಲ್ಪದ ಫೋಟೋವನ್ನೂ ಪ್ರಕಟಿಸಬಹುದು. ಆದರೆ ಈ ಸಾಲಿನಲ್ಲಿ ಬಣ್ಣದ ಚಿತ್ರ ಇಲ್ಲ. ಅಂದರೆ ಶಾಶ್ವತವಾಗಿ ನಿಂತ ಶಿಲ್ಪಕ್ಕೆ ಒಂದು ನಿಯಮ, ಗೋಡೆಚಿತ್ರಕ್ಕೆ ಇನ್ನೊಂದು. ನಿಮ್ಮ ಸ್ವಂತಕ್ಕೆ, ವಿಮರ್ಶೆಗೆ, ಸುದ್ದಿಗೆ ಬಳಸುವುದಕ್ಕೆ ದಾರಿ ಇದೆ. ಟೀ ಶರ್ಟು, ಕ್ಯಾಲೆಂಡರು, ಜಾಹೀರಾತು ಅಂದರೆ ಕಲಾವಿದರ ಒಪ್ಪಿಗೆ ಬೇಕು. ಫೋಟೋದ ಹಕ್ಕು ನಿಮ್ಮದೇ ಇರಬಹುದು, ಅದರೊಳಗಿನ ಚಿತ್ರದ ಹಕ್ಕು ಅವರದ್ದು.

ಅದೇ ಕಾಯ್ದೆಯ 57ನೇ ಸೆಕ್ಷನ್ ಕಲಾವಿದರ ನೈತಿಕ ಹಕ್ಕಿನದು, ಅಂದರೆ ಕೃತಿಯ ಮೇಲೆ ತಮ್ಮ ಹೆಸರು ಉಳಿಸಿಕೊಳ್ಳುವ, ಅದನ್ನು ಕೆಡಿಸದಂತೆ ತಡೆಯುವ ಹಕ್ಕಿನದು. ದೆಹಲಿಯ ವಿಜ್ಞಾನ ಭವನಕ್ಕೆ ಶಿಲ್ಪಿ ಅಮರನಾಥ್ ಸೆಹಗಲ್ ಮಾಡಿಕೊಟ್ಟಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ಹೇಳದೆ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ತುಂಡುಗಳನ್ನು ಅವರಿಗೇ ಹಿಂತಿರುಗಿಸಿ, ಐದು ಲಕ್ಷ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ದುಡ್ಡು ಕೊಟ್ಟು ಮಾಡಿಸಿಕೊಂಡವರಿಗೂ ಏನು ಬೇಕಾದರೂ ಮಾಡುವ ಹಕ್ಕಿಲ್ಲ ಅಂತಾಯಿತು. ನೀವು ಬಣ್ಣ ತಿರುಚಿ, ಅರ್ಧ ಕತ್ತರಿಸಿ, ಮೇಲೆ ನಿಮ್ಮ ಹೆಸರು ದೊಡ್ಡದಾಗಿ ಅಚ್ಚೊತ್ತಿ ಹಾಕುವಾಗ ಈ ಕೇಸನ್ನು ನೆನಪಿಸಿಕೊಂಡರೆ ಒಳ್ಳೆಯದು.

ಅಲ್ಲಿ ಹಿಂದೆ ಕೂತವರು ಆಗಲೇ ಕೈ ಎತ್ತಿದ್ದರು. ತೆಗೆದ ಫೋಟೋಗಳನ್ನೆಲ್ಲ ಏನು ಮಾಡುವುದು ಅಂತ ಕೇಳುತ್ತಿದ್ದಾರೆ. ಮೊದಲು ಫೈಲಿನ ಒಳಗೇ ಬರೆಯಿರಿ: ರಸ್ತೆ, ದಿನಾಂಕ, ಕಲಾವಿದರ ಹೆಸರು, ಬರೆಸಿದವರು ಯಾರು. ಸಾಮಾಜಿಕ ಜಾಲತಾಣಗಳು ಈ ವಿವರವನ್ನು ಎಷ್ಟೋ ಸಲ ಅಳಿಸುತ್ತವೆ, ಹಾಗಾಗಿ ಮೂಲ ಫೈಲನ್ನು ಇಟ್ಟುಕೊಳ್ಳಿ. ಗೋಡೆ ಹತ್ತಿರದಲ್ಲೇ ಇದ್ದರೆ ವರ್ಷಕ್ಕೊಂದು ಸಲ ಅದೇ ಜಾಗದಿಂದ ತೆಗೆಯಿರಿ. ಪೋಸ್ಟರ್ ಅಂಟಿದ್ದು, ಟ್ಯೂಷನ್ ನಂಬರು ಬರೆದದ್ದು, ಪೈಪು ಹಾಕಲು ಒಡೆದದ್ದು, ಎಲ್ಲ ಬರಲಿ. ಆಮೇಲೆ ಒಂದು ಪ್ರತಿ ಕಲಾವಿದರಿಗೆ ಕಳಿಸಿ. ವಾಟರ್‌ಮಾರ್ಕ್ ಇಲ್ಲದೆ, ಪೂರ್ತಿ ಸೈಜಿನಲ್ಲಿ. ಎಷ್ಟೋ ಕಲಾವಿದರ ಹತ್ತಿರ ಅವರದೇ ಕೆಲಸದ ಒಂದು ಒಳ್ಳೆಯ ಫೋಟೋ ಇಲ್ಲ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸಬೇಡಿ, ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.